ಮಾಯದ ಗಾಯವೂ ಆಮ್ಲಜನಕದ ಅಳತೆಯೂ

ಗಾಯವಾಗದ ಮನುಷ್ಯನಿಲ್ಲ. ಎಡವಿದ ಬೆರಳು, ಕುಡುಗೋಲು ತಾಗಿದ ಕೈ, ಚಪ್ಪಲಿ ಕಚ್ಚಿದ ಹಿಮ್ಮಡಿ, ಇವೆಲ್ಲ ನಾಲ್ಕು ದಿನ ನೋಯುತ್ತವೆ, ಹಕ್ಕಳೆ ಕಟ್ಟುತ್ತವೆ. ಹಕ್ಕಳೆ ಉದುರಿದ ಮೇಲೆ ನಮಗೆ ಮರೆತೇಹೋಗುತ್ತವೆ. ದೇಹವು ತನ್ನ ಹರಕನ್ನು ತಾನೇ ಹೊಲಿದುಕೊಳ್ಳುವ ಈ ಕೌಶಲವನ್ನು ನಾವು ಎಷ್ಟು ಸಹಜವೆಂದು ಭಾವಿಸಿದ್ದೇವೆಂದರೆ, ಅದು ನಡೆಯದೆ ನಿಂತಾಗ ಮಾತ್ರ ಅದರ ಕಡೆ ನಮ್ಮ ಲಕ್ಷ್ಯ ಹರಿಯುತ್ತದೆ. ವಾರಗಳು ತಿಂಗಳುಗಳಾದರೂ ಮಾಯದೆ, ಅಂಚು ಕೂಡದೆ, ಒಸರುತ್ತಲೇ ಇರುವ ಗಾಯಗಳುಂಟು. ನಮ್ಮ ಪ್ರಾಚೀನ ವೈದ್ಯರು ಇವನ್ನು ಬೇರೆಯಾಗಿಯೇ ಗುರುತಿಸಿ ‘ದುಷ್ಟವ್ರಣ’ವೆಂದು ಕರೆದರು, ಸುಶ್ರುತಸಂಹಿತೆಯಲ್ಲಿ ವ್ರಣಚಿಕಿತ್ಸೆಗೆ ಅರವತ್ತು ಉಪಕ್ರಮಗಳನ್ನು ಹೇಳಿದೆ. ಕಣ್ಣಿನಿಂದ ನೋಡಿ, ಮೂಗಿನಿಂದ ಮೂಸಿ, ಕೈಯಿಂದ ಮುಟ್ಟಿ ತಿಳಿಯಬಹುದಾದದ್ದನ್ನೆಲ್ಲ ಅವರು ತಿಳಿದರು. ಆದರೆ ಕಣ್ಣಿಗೆ ಕಾಣದ, ಮೂಗಿಗೆ ನಿಲುಕದ ಒಂದು ಸಂಗತಿಯನ್ನು ಅಳೆಯಲು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು. ಆ ಗಾಯದ ನೆರೆಯ ಮಾಂಸಕ್ಕೆ ಆಮ್ಲಜನಕ ಎಷ್ಟು ಮುಟ್ಟುತ್ತಿದೆ ಎಂಬುದೇ ಆ ಸಂಗತಿ.

ಕಲಾ ಕಾಲೇಜಿನ ಪತ್ರಿಕೆಗೆ ಇದೇನು ವಿಷಯವೆಂದು ಕೆಲವರಿಗೆ ತೋರಬಹುದು. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ, ಆಸ್ಪತ್ರೆಯ ವರಾಂಡದಲ್ಲಿ. ನಮ್ಮ ದೊಡ್ಡಪ್ಪನವರಿಗೆ ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಎಡಗಾಲಿನ ಕಿರುಬೆರಳ ಪಕ್ಕದಲ್ಲಿ ಎದ್ದ ಒಂದು ಸಣ್ಣ ಬೊಬ್ಬೆ ಒಡೆದು, ಹುಣ್ಣಾಗಿ, ಎರಡು ತಿಂಗಳಲ್ಲಿ ಎರಡು ಬೆರಳುಗಳನ್ನು ಕಪ್ಪಾಗಿಸಿತು. ಕಾಲಿಗೆ ರಕ್ತ ಸಾಲದು, ಆಮ್ಲಜನಕ ಮುಟ್ಟುತ್ತಿಲ್ಲ, ಮೊಣಕಾಲ ಕೆಳಗೆ ತೆಗೆಯಬೇಕಾಗಿ ಬಂದರೂ ಬರಬಹುದು ಎಂದು ವೈದ್ಯರು ಹೇಳಿದಾಗ, ದೊಡ್ಡಪ್ಪನ ಮಗ, ನಮ್ಮಣ್ಣ, ತಂದೆಯ ಕೈಬೆರಳಿಗೆ ಕಚ್ಚಿಸಿದ್ದ ಪುಟ್ಟ ಯಂತ್ರವನ್ನು ತೋರಿಸಿ, “ಇದರಲ್ಲಿ ತೊಂಬತ್ತೆಂಟು ಅಂತ ಬರ್ತಾ ಇದೆಯಲ್ಲ ಡಾಕ್ಟ್ರೇ, ಮತ್ತೆ ಆಮ್ಲಜನಕ ಇಲ್ಲ ಅಂದ್ರೆ ಹೇಗೆ?” ಎಂದು ಕೇಳಿದ. ೨೦೨೦ರ ಸಾಂಕ್ರಾಮಿಕದ ದಿನಗಳಲ್ಲಿ ಆ ಯಂತ್ರವನ್ನು ಕಾಣದ ಮನೆಯೇ ವಿರಳ. ಅಂದಿನಿಂದ ತೊಂಬತ್ತೆಂಟು ಎಂದರೆ ಅಭಯ, ಎಂಬತ್ತೈದು ಎಂದರೆ ಭಯ, ಎಂದು ನಾವೆಲ್ಲ ಕಲಿತುಬಿಟ್ಟಿದ್ದೇವೆ. ಹೀಗಿರಲು ಅಣ್ಣನ ಪ್ರಶ್ನೆ ಅಜ್ಞಾನದ್ದಲ್ಲ. ಬಹಳ ಒಳ್ಳೆಯ ಪ್ರಶ್ನೆ. ವೈದ್ಯರು ಕೊಟ್ಟ ಉತ್ತರವೂ ಒಳ್ಳೆಯದೇ ಆಗಿತ್ತು. “ನೀವು ಮಂಡ್ಯದ ಕಡೆಯವರಲ್ಲವೆ? ಕಟ್ಟೆ ತುಂಬಿದೆ ಅಂತ ಪೇಪರಿನಲ್ಲಿ ಬಂದ ಮಾತ್ರಕ್ಕೆ ನಾಲೆಯ ಕೊನೆಯ ಗದ್ದೆಗೆ ನೀರು ಬಂತು ಅಂತ ಅರ್ಥವೇ?” ಎಂದರು.

ಆ ಉತ್ತರವನ್ನು ಸ್ವಲ್ಪ ಬಿಡಿಸಿ ನೋಡೋಣ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ವಸ್ತು ಹಿಮೋಗ್ಲೋಬಿನ್. ಬೆರಳಿಗೆ ಕಚ್ಚಿಸುವ ಯಂತ್ರ, ಎಂದರೆ ಜಪಾನಿನ ತಾಕುಓ ಆಓಯಾಗಿಯವರು ೧೯೭೪ರಲ್ಲಿ ಬೆಳಕಿಗೆ ತಂದ ತತ್ತ್ವದ ಮೇಲೆ ನಡೆಯುವ ಆಕ್ಸಿಮೀಟರ್, ಅಪಧಮನಿಯ ರಕ್ತದಲ್ಲಿರುವ ಹಿಮೋಗ್ಲೋಬಿನ್ನಿನಲ್ಲಿ ನೂರಕ್ಕೆ ಎಷ್ಟು ಪಾಲು ತುಂಬಿದೆ ಎಂಬುದನ್ನು ಕೆಂಪು ಹಾಗೂ ಅವಕೆಂಪು ಬೆಳಕುಗಳ ಸಹಾಯದಿಂದ ಲೆಕ್ಕಹಾಕುತ್ತದೆ. ಬಸ್ಸಿನ ನೂರು ಸೀಟುಗಳಲ್ಲಿ ತೊಂಬತ್ತೆಂಟು ತುಂಬಿವೆ ಎಂದಷ್ಟೇ ಅದು ಹೇಳಬಲ್ಲುದು. ಆ ಬಸ್ಸು ನಮ್ಮೂರಿಗೆ ಬರುತ್ತದೆಯೇ, ಬಂದರೂ ದಿನಕ್ಕೆ ಎಷ್ಟು ಸಲ, ದಾರಿಯಲ್ಲಿ ಸೇತುವೆ ಕುಸಿದಿದೆಯೇ ಎಂಬ ಮಾತು ಅದರ ವ್ಯಾಪ್ತಿಗೆ ಸೇರಿದ್ದಲ್ಲ. ಕಾಲಿನ ಅಪಧಮನಿ ಮುಚ್ಚಿಕೊಂಡವನ ಕೈಬೆರಳೂ ತೊಂಬತ್ತೆಂಟನ್ನೇ ತೋರಿಸುತ್ತದೆ. ಆದುದರಿಂದ ಅಳೆಯಬೇಕಾದದ್ದು ಬೇರೆ ಸ್ಥಳದಲ್ಲಿ; ಅಳೆಯಬೇಕಾದ ಪರಿಮಾಣವೂ ಬೇರೆಯೇ.

ಆ ಪರಿಮಾಣಕ್ಕೆ ಆಮ್ಲಜನಕದ ಒತ್ತಡವೆಂದು ಹೆಸರು. ಭೌತಶಾಸ್ತ್ರ ಓದಿದವರಿಗೆ ಡಾಲ್ಟನ್ನನ ನಿಯಮ ನೆನಪಿರಬಹುದು: ಮಿಶ್ರವಾಯುವಿನಲ್ಲಿ ಪ್ರತಿಯೊಂದು ಅನಿಲವೂ ತನ್ನ ಪಾಲಿನ ಒತ್ತಡವನ್ನು ತಾನು ಬೀರುತ್ತದೆ. ಸಮುದ್ರಮಟ್ಟದಲ್ಲಿರುವ ಮಂಗಳೂರಿನಲ್ಲಿ ವಾಯುಭಾರ ೭೬೦ ಮಿಲಿಮೀಟರ್ ಪಾದರಸ. ಅದರಲ್ಲಿ ನೂರಕ್ಕೆ ೨೧ರಷ್ಟು ಆಮ್ಲಜನಕವಾದ್ದರಿಂದ ಅದರ ಪಾಲಿನ ಒತ್ತಡ ಸುಮಾರು ೧೬೦. ಒಂಬೈನೂರು ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುಭಾರವೇ ಸುಮಾರು ೬೮೫ಕ್ಕೆ ಇಳಿಯುವುದರಿಂದ ಆಮ್ಲಜನಕದ ಪಾಲು ೧೪೩ರ ಆಸುಪಾಸಿಗೆ ಬರುತ್ತದೆ. (ಇದು ಬರಿಯ ಕುತೂಹಲದ ಲೆಕ್ಕವಲ್ಲ. ಆಮ್ಲಜನಕವನ್ನು ಅಳೆಯುವ ಯಂತ್ರವನ್ನು ಗಾಳಿಗೆ ಒಡ್ಡಿ ಸರಿಪಡಿಸಿಕೊಳ್ಳುವಾಗ ಆ ಊರಿನ ವಾಯುಭಾರ ಗೊತ್ತಿರಬೇಕು. ಮಂಗಳೂರಿನ ಅಂಕಿಯನ್ನು ಬೆಂಗಳೂರಿನಲ್ಲಿ ನಂಬಿದರೆ ಮೊದಲ ಹೆಜ್ಜೆಯೇ ತಪ್ಪಾಗುತ್ತದೆ.) ಈ ೧೬೦ ಶ್ವಾಸಕೋಶದ ಗೂಡುಗಳಿಗೆ ಇಳಿಯುವಷ್ಟರಲ್ಲಿ ೧೦೦ ಆಗುತ್ತದೆ, ಅಪಧಮನಿಯಲ್ಲಿ ಅದಕ್ಕಿಂತ ತುಸು ಕಡಮೆ, ಅಂಗಾಂಶಗಳಿಗೆ ಕೊಟ್ಟು ಹಿಂದಿರುಗುವ ರಕ್ತದಲ್ಲಿ ೪೦. ಜೀವಕೋಶದ ಒಳಗೆ, ಆಮ್ಲಜನಕ ನಿಜವಾಗಿ ಖರ್ಚಾಗುವ ಸ್ಥಳದಲ್ಲಿ, ಕೆಲವೇ ಮಿಲಿಮೀಟರುಗಳು ಉಳಿದಿರುತ್ತವೆ. ಬೆಟ್ಟದ ಮೇಲಿನ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿದಂತೆ ಆಮ್ಲಜನಕವೂ ಒತ್ತಡ ಹೆಚ್ಚಿರುವ ಕಡೆಯಿಂದ ಕಡಮೆಯ ಕಡೆಗೆ ಇಳಿಯುತ್ತದೆ. ಕೂದಲಿಗಿಂತಲೂ ಸೂಕ್ಷ್ಮವಾದ ಲೋಮನಾಳದ ಗೋಡೆಯನ್ನು ದಾಟಿದ ಮೇಲೆ ಅದು ಪಯಣಿಸಬಲ್ಲ ದೂರ ಬಹಳ ಸ್ವಲ್ಪ. ಮಿಲಿಮೀಟರಿನ ಹತ್ತರಲ್ಲೊಂದೆರಡು ಭಾಗವಷ್ಟೆ. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಲೋಮನಾಳಗಳ ವಿಚಾರದಲ್ಲಿ ಮಾಡಿದ ಸಂಶೋಧನೆಗೆ ೧೯೨೦ರಲ್ಲಿ ನೊಬೆಲ್ ಪಾರಿತೋಷಕ ದೊರೆತುದು ಇಲ್ಲಿ ಸ್ಮರಣೀಯ.

ಗಾಯವಾದ ಜಾಗದಲ್ಲಿ ನಡೆಯುವುದೇನು? ಲೋಮನಾಳಗಳು ತುಂಡಾಗಿವೆ, ಪೂರೈಕೆ ಕಡಿದಿದೆ. ಆದರೆ ಬೇಡಿಕೆ ಹೆಚ್ಚಿದೆ. ಮೊದಲನೆಯದಾಗಿ, ಕ್ರಿಮಿಗಳನ್ನು ನುಂಗಲು ಬರುವ ಬಿಳಿಯ ರಕ್ತಕಣಗಳು ಅವುಗಳನ್ನು ಕೊಲ್ಲುವುದು ಆಮ್ಲಜನಕದಿಂದ ತಯಾರಿಸಿದ ಉಗ್ರ ರಾಸಾಯನಿಕಗಳಿಂದ. ಆಮ್ಲಜನಕವಿಲ್ಲದ ಬಿಳಿಯ ಕಣ ಮದ್ದಿಲ್ಲದ ಕೋವಿ ಹಿಡಿದ ಸಿಪಾಯಿ. ಎರಡನೆಯದಾಗಿ, ಹೊಸ ಮಾಂಸಕ್ಕೆ ಹುರಿಯಂತಿರುವ ಕೊಲಾಜೆನ್ ಎಂಬ ನಾರು ಬಲಗೊಳ್ಳಬೇಕಾದರೆ ಅದರ ಕೆಲವು ಕೊಂಡಿಗಳಿಗೆ ಆಮ್ಲಜನಕವನ್ನು ಸೇರಿಸಬೇಕು. ಸಿ ಜೀವಸತ್ತ್ವವು ಬೇಕಾಗುವುದೂ ಇದೇ ಹಂತದಲ್ಲಿಯೇ. ೧೭೪೦ರ ದಶಕದಲ್ಲಿ ಭೂಪ್ರದಕ್ಷಿಣೆ ಮಾಡಿದ ಆಂಗ್ಲ ನೌಕಾಧಿಪತಿ ಆನ್ಸನ್ನನ ಹಡಗಿನಲ್ಲಿ, ಐವತ್ತು ವರ್ಷಗಳ ಹಿಂದೆ ಯುದ್ಧದಲ್ಲಿ ಗಾಯಗೊಂಡು ಪೂರ್ತಿ ಗುಣವಾಗಿದ್ದವನೊಬ್ಬನ ಗಾಯಗಳು ಸ್ಕರ್ವಿ ರೋಗ ಬಂದೊಡನೆ ಮತ್ತೆ ಬಾಯ್ದೆರೆದುವಂತೆ. ಮಾಯ್ದ ಗಾಯವೆಂಬುದು ಕಟ್ಟಿ ಮುಗಿಸಿದ ಗೋಡೆಯಲ್ಲ, ದಿನವೂ ದುರಸ್ತಿ ಬೇಡುವ ಗೋಡೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಇಲ್ಲೊಂದು ಸೋಜಿಗವಿದೆ. ಆಮ್ಲಜನಕದ ಕೊರತೆಯೇ ಗಾಯ ಮಾಯುವುದಕ್ಕೆ ಮೊದಲ ಕರೆ. ಕೊರತೆಯನ್ನು ಗುರುತಿಸಿದ ಜೀವಕೋಶಗಳು ಹೊಸ ರಕ್ತನಾಳಗಳನ್ನು ಬರಮಾಡಿಕೊಳ್ಳುವ ಸಂದೇಶವನ್ನು ಹೊರಡಿಸುತ್ತವೆ. ಜೀವಕೋಶಗಳು ಆಮ್ಲಜನಕದ ಮಟ್ಟವನ್ನು ಅರಿಯುವ ಬಗೆಯನ್ನು ಕಂಡುಹಿಡಿದ ಕೇಲಿನ್, ರ್‍ಯಾಟ್‌ಕ್ಲಿಫ್, ಸೆಮೆಂಜಾ ಎಂಬ ಮೂವರಿಗೆ ೨೦೧೯ರಲ್ಲಿ ನೊಬೆಲ್ ಬಂದಿತು. ಹೊಸ ಗಾಯದ ನಡುಭಾಗದಲ್ಲಿ ಆಮ್ಲಜನಕದ ಒತ್ತಡ ಹತ್ತು ಮಿಲಿಮೀಟರಿಗೂ ಕಡಮೆಯಿದ್ದು, ಅಂಚಿನ ಲೋಮನಾಳಗಳ ಬಳಿ ಹೆಚ್ಚಾಗಿರುತ್ತದೆ. ಈ ಇಳಿಜಾರಿನ ಗುಂಟ ಹೊಸ ನಾಳಗಳು ಒಳಕ್ಕೆ ತೆವಳುತ್ತವೆ. ಆದರೆ ಕರೆ ಕೇಳಿ ಬರುವವರಿಗೂ ಅನ್ನ ಬೇಕಷ್ಟೆ. ಅಂಚಿನಲ್ಲಿಯೇ ಆಮ್ಲಜನಕವಿಲ್ಲದಿದ್ದರೆ ಕರೆ ಹೋಗುತ್ತಲೇ ಇರುತ್ತದೆ, ಯಾರೂ ಬರುವುದಿಲ್ಲ. ಮಾಯದ ಗಾಯದ ವಿಚಾರದಲ್ಲಿ ನಾವು ತಿಳಿಯಬೇಕಾದದ್ದು ಹುಣ್ಣಿನ ನಡುಭಾಗದ ಸ್ಥಿತಿಯನ್ನಲ್ಲ. ಅದರ ನೆರೆಯ ಚರ್ಮಕ್ಕೆ ಕೊಡುವ ಶಕ್ತಿ ಉಂಟೇ ಎಂಬುದನ್ನು.

ಇನ್ನು ಅಳೆಯುವ ಕಥೆ. ಪ್ರಾಗ್ ನಗರದ ಹೇರೋವ್‌ಸ್ಕೀ ೧೯೨೨ರಲ್ಲಿ ಆರಂಭಿಸಿದ ಪೋಲರೋಗ್ರಫಿ ಎಂಬ ವಿಧಾನದಿಂದ, ದ್ರವದಲ್ಲಿ ಕರಗಿದ ಆಮ್ಲಜನಕವನ್ನು ವಿದ್ಯುತ್ತಿನ ಮೂಲಕ ಅಳೆಯಬಹುದೆಂದು ತಿಳಿದಿತ್ತು. ೧೯೪೨ರಲ್ಲಿ ಅಮೆರಿಕದ ಡೇವಿಸ್ ಮತ್ತು ಬ್ರಿಂಕ್ ಎಂಬವರು ಸೂಕ್ಷ್ಮವಾದ ಪ್ಲಾಟಿನಂ ತಂತಿಯನ್ನು ಪ್ರಾಣಿಗಳ ಅಂಗಾಂಶಕ್ಕೇ ತಾಗಿಸಿ ಅಳೆದರು. ತತ್ತ್ವ ಸರಳ. ಋಣವಿದ್ಯುತ್ ಹರಿಸಿದ ಪ್ಲಾಟಿನಂ ತುದಿಯನ್ನು ಮುಟ್ಟಿದ ಆಮ್ಲಜನಕದ ಪ್ರತಿಯೊಂದು ಅಣುವೂ ನಾಲ್ಕು ಇಲೆಕ್ಟ್ರಾನುಗಳನ್ನು ಸೆಳೆದುಕೊಂಡು ನೀರಿನೊಡನೆ ಸೇರಿ ಬೇರೆ ರೂಪ ತಾಳುತ್ತದೆ. ಅಣುಗಳು ಹೆಚ್ಚು ಬಂದಷ್ಟೂ ವಿದ್ಯುತ್ಪ್ರವಾಹ ಹೆಚ್ಚು. ಬೇಕಾದ ವೋಲ್ಟೇಜು ಸುಮಾರು ೦.೬–೦.೭ ಮಾತ್ರ. ಆದರೆ ಬರಿಯ ಪ್ಲಾಟಿನಂ ತುದಿಯನ್ನು ರಕ್ತದಲ್ಲಿ ಅದ್ದಿದರೆ ಸ್ವಲ್ಪ ಹೊತ್ತಿನಲ್ಲೇ ರಕ್ತದ ಪ್ರೋಟೀನುಗಳು ಮೆತ್ತಿಕೊಂಡು ಅದು ಸುಳ್ಳು ಹೇಳತೊಡಗುತ್ತದೆ.

ಈ ತೊಡಕನ್ನು ಬಿಡಿಸಿದವರು ಲೀಲೆಂಡ್ ಕ್ಲಾರ್ಕ್. ಓಹಿಯೋ ಸಂಸ್ಥಾನದ ಯೆಲ್ಲೋ ಸ್ಪ್ರಿಂಗ್ಸ್ ಎಂಬ ಪುಟ್ಟ ಊರಿನ ಆಂಟಿಯೋಕ್ ಕಾಲೇಜಿನಲ್ಲಿ ಅವರು ಕೆಲಸ ಮಾಡುತ್ತಿದ್ದರು. ಅದು ವೈದ್ಯಕೀಯ ಕಾಲೇಜಲ್ಲ. ನಮ್ಮದರಂತೆ ಸಾಹಿತ್ಯ, ಇತಿಹಾಸಗಳನ್ನೂ ಕಲಿಸುವ ಕಾಲೇಜು ಎಂಬುದನ್ನು ಸಂತೋಷದಿಂದಲೇ ಇಲ್ಲಿ ನಮೂದಿಸುತ್ತೇನೆ. ರಕ್ತದೊಳಕ್ಕೆ ಗುಳ್ಳೆಗಳನ್ನು ಹಾಯಿಸಿ ಆಮ್ಲಜನಕ ತುಂಬುವ ಒಂದು ಸಾಧನವನ್ನು ಕ್ಲಾರ್ಕ್ ನಿರ್ಮಿಸಿದ್ದರು. ಅದರ ವಿವರವನ್ನು ವಿದ್ವತ್ಪತ್ರಿಕೆಗೆ ಕಳುಹಿಸಿದಾಗ, ಹೊರಬರುವ ರಕ್ತದಲ್ಲಿ ಆಮ್ಲಜನಕದ ಒತ್ತಡವೆಷ್ಟೆಂದು ಅಳೆದು ತೋರಿಸಿಲ್ಲವೆಂಬ ಕಾರಣಕ್ಕೆ ಲೇಖನ ಹಿಂದಕ್ಕೆ ಬಂತಂತೆ. ಅಳೆಯುವ ಸಾಧನವೇ ಇರಲಿಲ್ಲ, ಎಲ್ಲಿಂದ ತೋರಿಸುವುದು? ೧೯೫೪ರಲ್ಲಿ ಅವರು ಅದನ್ನೂ ತಾವೇ ಮಾಡಿದರು. ಪ್ಲಾಟಿನಂ ಋಣಾಗ್ರವನ್ನೂ ಬೆಳ್ಳಿಯ ಧನಾಗ್ರವನ್ನೂ ಒಂದೇ ಕೊಳವೆಯಲ್ಲಿಟ್ಟು, ಉಪ್ಪುದ್ರಾವಣ ತುಂಬಿ, ಬಾಯಿಗೆ ಪಾಲಿಥೀನಿನ ತೆಳುಹಾಳೆಯನ್ನು ಬಿಗಿದು ಕಟ್ಟಿದರು. ಹಾಳೆಯ ಮೂಲಕ ಆಮ್ಲಜನಕ ನುಸುಳಿ ಬರುತ್ತದೆ. ರಕ್ತದ ಪ್ರೋಟೀನುಗಳು ಬರಲಾರವು. ಎರಡು ಅಗ್ರಗಳೂ ಹಾಳೆಯ ಒಂದೇ ಪಕ್ಕದಲ್ಲಿ ಇರಬೇಕೆಂಬುದೇ ಇದರ ಮರ್ಮ. ಹೊಳೆದ ಮೇಲೆ ಎಷ್ಟು ಸುಲಭವಾಗಿ ತೋರುತ್ತದೆ! ೧೯೫೬ರಲ್ಲಿ ಪ್ರಕಟವಾದ ಈ ‘ಕ್ಲಾರ್ಕ್ ವಿದ್ಯುದಗ್ರ’ವೇ ಮುಂದಿನದೆಲ್ಲಕ್ಕೂ ತಾಯಿಬೇರು.

ಆದರೆ ಚರ್ಮದ ಮೇಲಿಟ್ಟು ಅಳೆಯುವುದು ಹೇಗೆ? ಮನುಷ್ಯನ ಚರ್ಮ ಗಾಳಿಗೆ ಬಾಗಿಲು ಹಾಕಿರುವ ಅಂಗ; ಸಾಮಾನ್ಯ ಸ್ಥಿತಿಯಲ್ಲಿ ಅದರ ಮೇಲ್ಮೈಗೆ ಬರುವ ಆಮ್ಲಜನಕ ಶೂನ್ಯಕ್ಕೆ ಸಮೀಪ. ೧೯೫೧ರಲ್ಲಿ ಬಾಮ್‌ಬರ್ಗರ್ ಮತ್ತು ಗುಡ್‌ಫ್ರೆಂಡ್ ಎಂಬವರು ೪೫ ಡಿಗ್ರಿ ಸೆಂಟಿಗ್ರೇಡ್ ಬಿಸಿಯ ದ್ರಾವಣದಲ್ಲಿ ಬೆರಳನ್ನು ಅದ್ದಿಟ್ಟುಕೊಂಡಾಗ, ಆ ದ್ರಾವಣದ ಆಮ್ಲಜನಕದ ಒತ್ತಡ ಅಪಧಮನಿಯ ಒತ್ತಡಕ್ಕೆ ಹತ್ತಿರ ಬರುವುದನ್ನು ಕಂಡಿದ್ದರು. ಬಿಸಿಗೆ ಲೋಮನಾಳಗಳು ಹಿಗ್ಗುತ್ತವೆ, ರಕ್ತ ಧಾರಾಳವಾಗಿ ಹರಿಯುತ್ತದೆ, ಚರ್ಮದ ಹೊರಪದರದ ಕೊಬ್ಬು ಸಡಿಲವಾಗಿ ಆಮ್ಲಜನಕಕ್ಕೆ ದಾರಿ ಬಿಡುತ್ತದೆ. ಜರ್ಮನಿಯ ಮಾರ್ಬರ್ಗಿನಲ್ಲಿ ರೆನಾಟೆ ಹೂಖ್, ಆಲ್ಬರ್ಟ್ ಹೂಖ್ ದಂಪತಿಗಳೂ ಲ್ಯೂಬರ್ಸ್ ಅವರೂ ೧೯೭೦ರ ದಶಕದ ಆರಂಭದಲ್ಲಿ ಕ್ಲಾರ್ಕರ ವಿದ್ಯುದಗ್ರದೊಳಗೇ ಒಂದು ಪುಟ್ಟ ಕಾವನ್ನು ಅಳವಡಿಸಿ, ಚರ್ಮದ ಮೇಲೆ ಅಂಟಿಸುವಂತೆ ಮಾಡಿದರು. ಅವರ ಲಕ್ಷ್ಯವಿದ್ದದ್ದು ಹುಣ್ಣಿನ ಮೇಲಲ್ಲ, ನವಜಾತ ಶಿಶುಗಳ ಮೇಲೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಅತಿಯಾಗಿ ಆಮ್ಲಜನಕ ಕೊಟ್ಟು ಎಷ್ಟೋ ಮಕ್ಕಳ ಕಣ್ಣು ಹೋಗಿದ್ದ ಕಹಿ ಅನುಭವ ೧೯೪೦–೫೦ರ ದಶಕಗಳಲ್ಲಿ ಆಗಿತ್ತು. ಸೂಜಿ ಚುಚ್ಚದೆ ಅಳೆಯುವ ಸಾಧನ ಅವರಿಗೆ ಬೇಕಾಗಿತ್ತು. ಕೂಸಿಗಾಗಿ ಹುಟ್ಟಿದ ಯಂತ್ರ ಹೀಗೆ ಮುದುಕರ ಕಾಲಿಗೆ ಬಂತು.

ಈಗ ಪರೀಕ್ಷೆ ನಡೆಯುವ ರೀತಿಯನ್ನು ಕಂಡಂತೆ ಹೇಳುತ್ತೇನೆ. ಕೋಣೆ ತಣ್ಣಗಿರಬಾರದು, ರೋಗಿ ಮಲಗಿ ಸ್ವಲ್ಪ ಹೊತ್ತು ವಿಶ್ರಮಿಸಿರಬೇಕು, ಬೀಡಿ, ಸಿಗರೇಟು, ಕಾಫಿ ಮುಂಚೆಯೇ ನಿಂತಿರಬೇಕು. ದೊಡ್ಡಪ್ಪನವರಿಗೆ ಇದರಲ್ಲಿ ಕಾಫಿಯೇ ಎಲ್ಲಕ್ಕಿಂತ ಕಷ್ಟವಾಯಿತು. ಚರ್ಮವನ್ನು ಒರಸಿ, ಕೂದಲಿದ್ದರೆ ತೆಗೆದು, ಎರಡೂ ಕಡೆ ಅಂಟುವ ಒಂದು ಬಳೆಯನ್ನು ಅಂಟಿಸಿ, ಅದರೊಳಗೆ ಎರಡು ಮೂರು ಹನಿ ದ್ರಾವಣ ಬಿಟ್ಟು, ಮೇಲೆ ಗುಂಡಿಯಷ್ಟು ದೊಡ್ಡ ವಿದ್ಯುದಗ್ರವನ್ನು ಕೂರಿಸುತ್ತಾರೆ. ಒಂದನ್ನು ಎದೆಯ ಮೇಲೆ, ಕೊರಳೆಲುಬಿನ ಕೆಳಗೆ, ಅದು ಹೋಲಿಕೆಗೆ. ಉಳಿದವನ್ನು ಕಾಲಿನ ಬೇರೆ ಬೇರೆ ಕಡೆ, ಹುಣ್ಣಿನ ಸಮೀಪದ ಕೆಡದ ಚರ್ಮದ ಮೇಲೆ. ಹುಣ್ಣಿನ ಮೇಲೆಯೇ ಇಡುವುದಿಲ್ಲ. ಎಲುಬು ಉಬ್ಬಿದ ಕಡೆ, ಬಾತ ಕಡೆ, ಅಂಗಾಲಿನ ದಪ್ಪ ಚರ್ಮದ ಮೇಲೆ ಇಟ್ಟರೆ ಅಂಕಿ ನಂಬತಕ್ಕದ್ದಲ್ಲ. ವಿದ್ಯುದಗ್ರ ೪೪–೪೫ ಡಿಗ್ರಿಗೆ ಕಾಯುತ್ತದೆ. ಯಂತ್ರದ ಅಂಕಿ ಮೊದಲು ಸರ್ರನೆ ಇಳಿಯುತ್ತದೆ, ಆಮೇಲೆ ನಿಧಾನವಾಗಿ ಏರಿ, ಹದಿನೈದು ಇಪ್ಪತ್ತು ನಿಮಿಷಗಳಿಗೆ ಒಂದು ಕಡೆ ನಿಲ್ಲುತ್ತದೆ. ಅಷ್ಟು ಹೊತ್ತು ಮಾತನಾಡದೆ ಮಲಗಿರುವುದೇ ರೋಗಿಯ ಕೆಲಸ. ತೆಗೆದ ಮೇಲೆ ಕುಂಕುಮದ ಬೊಟ್ಟಿನಂತಹ ಕೆಂಪು ಗುರುತು ಉಳಿದು ಕೆಲವು ಗಂಟೆಗಳಲ್ಲಿ ಮಾಸುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಸುಡುವುದುಂಟು.

ಈ ಯಂತ್ರ ತೋರಿಸುವ ಅಂಕಿ ಅಪಧಮನಿಯ ಒತ್ತಡವೂ ಅಲ್ಲ, ಅಂಗಾಂಶದ ನಿಜವಾದ ಒತ್ತಡವೂ ಅಲ್ಲ ಎಂಬುದನ್ನು ಮರೆಯಬಾರದು. ಕಾಯಿಸಿದ ಚರ್ಮಕ್ಕೆ ಬಂದ ಆಮ್ಲಜನಕದಲ್ಲಿ ಚರ್ಮ ತಾನು ತಿಂದು ಉಳಿಸಿದ್ದು ಅದು. ಆದ್ದರಿಂದ ಯಂತ್ರ ಸೊನ್ನೆ ತೋರಿಸಿದರೆ ರಕ್ತವೇ ಹರಿಯುತ್ತಿಲ್ಲವೆಂದು ತಿಳಿಯಕೂಡದು. ಬಂದ ಅಲ್ಪಸ್ವಲ್ಪವನ್ನು ಚರ್ಮವೇ ಮುಗಿಸುತ್ತಿದೆ, ಕೊಡಲು ಮಿಗತೆಯಿಲ್ಲ ಎಂದರ್ಥ. ನನ್ನ ದೃಷ್ಟಿಯಲ್ಲಿ ಈ ಯಂತ್ರದ ದೊಡ್ಡ ಗುಣ ಇದೇ. ಮನೆಯ ಆದಾಯವನ್ನು ಹೇಳದೆ, ಖರ್ಚು ಕಳೆದು ಉಳಿದುದನ್ನು ಹೇಳುತ್ತದೆ. ಮಾಯಬೇಕಾದ ಗಾಯಕ್ಕೆ ಬೇಕಾದದ್ದು ಆ ಉಳಿತಾಯವೇ.

ಅಂಕಿಗಳ ಅರ್ಥವೇನು? ಆರೋಗ್ಯವಂತನ ಪಾದದ ಮೇಲೆ ಸಾಮಾನ್ಯವಾಗಿ ೫೦ಕ್ಕಿಂತ ಹೆಚ್ಚು ಮಿಲಿಮೀಟರ್ ಬರುತ್ತದೆ. ಅಮೆರಿಕದ ರಕ್ತನಾಳ ಶಸ್ತ್ರವೈದ್ಯರ ಸಂಘ ೨೦೧೪ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ೬೦ ಮತ್ತು ಮೇಲ್ಪಟ್ಟದ್ದು ನಿಶ್ಚಿಂತೆ. ೪೦ರಿಂದ ೫೯ ಸ್ವಲ್ಪ ಕೊರತೆ. ೩೦ರಿಂದ ೩೯ ಮಧ್ಯಮ. ೩೦ಕ್ಕಿಂತ ಕೆಳಗೆ ತೀವ್ರ. ಆದರೆ ಇವು ಗಡಿಕಲ್ಲುಗಳಲ್ಲ. ಸಿಯಾಟಲ್ ನಗರದ ಅರ್ನೆಸ್ಟ್ ಬರ್ಜೆಸ್ ಮತ್ತು ಸಂಗಡಿಗರು ೧೯೮೨ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಬಹಳ ಬೋಧಪ್ರದವಾಗಿದೆ. ಮೊಣಕಾಲ ಕೆಳಗೆ ಕಾಲು ಕತ್ತರಿಸಬೇಕಾಗಿದ್ದ ೩೭ ರೋಗಿಗಳಲ್ಲಿ ಶಸ್ತ್ರಕ್ರಿಯೆಗೆ ಮುನ್ನ ಅವರು ಅಳೆದರು. ೪೦ಕ್ಕಿಂತ ಹೆಚ್ಚಿದ್ದ ೧೫ ಮಂದಿಗೂ ಗಾಯ ಮಾಯಿತು. ಸೊನ್ನೆ ಇದ್ದ ಮೂವರಲ್ಲಿ ಒಬ್ಬರಿಗೂ ಮಾಯಲಿಲ್ಲ. ನಡುವಣ ೧೯ ಮಂದಿಯಲ್ಲಿ ೧೭ ಮಂದಿಗೆ ಮಾಯಿತು! ಹೆಚ್ಚಿನ ಅಂಕಿ ಭರವಸೆ ಕೊಡುತ್ತದೆ, ಸೊನ್ನೆ ಎಚ್ಚರಿಕೆ ಕೊಡುತ್ತದೆ, ನಡುವಿನದು ವೈದ್ಯನ ವಿವೇಕಕ್ಕೆ ಬಿಟ್ಟದ್ದು. ಬರಿಯ ೩೫ ಎಂಬ ಅಂಕಿಯನ್ನು ನೋಡಿ ಕತ್ತಿ ಎತ್ತಿದ್ದರೆ ಎಷ್ಟು ಮೊಣಕಾಲುಗಳು ವ್ಯರ್ಥವಾಗಿ ಹೋಗುತ್ತಿದ್ದವು! ಮೊಣಕಾಲು ಉಳಿದವನು ಕೃತಕ ಕಾಲಿನಿಂದ ಹೊಲಕ್ಕೆ ಹೋಗಿಬರಬಲ್ಲ. ಅದೂ ಹೋದರೆ ನಡೆಯುವ ಶ್ರಮ ಬಹಳ ಹೆಚ್ಚುತ್ತದೆ, ಎಷ್ಟೋ ಮಂದಿ ಜಗಲಿಯಲ್ಲಿಯೇ ಉಳಿದುಬಿಡುತ್ತಾರೆ.

ಸಕ್ಕರೆ ಕಾಯಿಲೆಯವರಲ್ಲಿ ಈ ಪರೀಕ್ಷೆಗೆ ವಿಶೇಷ ಬೆಲೆಯಿದೆ. ಕಾಲಿನ ರಕ್ತಸಂಚಾರವನ್ನು ತಿಳಿಯಲು ಸಾಮಾನ್ಯವಾಗಿ ಕಣಕಾಲಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಅಲ್ಲಿನ ರಕ್ತದೊತ್ತಡವನ್ನು ತೋಳಿನದರೊಂದಿಗೆ ಹೋಲಿಸುತ್ತಾರೆ. ಆದರೆ ಬಹುಕಾಲದ ಮಧುಮೇಹಿಯ ಅಪಧಮನಿಗಳಲ್ಲಿ ಸುಣ್ಣ ಕಟ್ಟಿ ಅವು ಕೊಳಾಯಿಯಂತೆ ಗಡುಸಾಗಿರುತ್ತವೆ. ಪಟ್ಟಿ ಹಿಂಡಿದರೂ ಅಮುಕುವುದಿಲ್ಲ. ಒತ್ತಡ ಸುಳ್ಳಾಗಿ ಹೆಚ್ಚು ಬರುತ್ತದೆ, ಕಾಲು ಚೆನ್ನಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಚರ್ಮದಿಂದ ಹೊರಬರುವ ಆಮ್ಲಜನಕಕ್ಕೆ ಈ ಮೋಸವಿಲ್ಲ. ಇನ್ನೊಂದು ಸಂಗತಿ: ಬೆಳಕಿನಿಂದ ಅಳೆಯುವ ಬೆರಳಿನ ಯಂತ್ರ ಕಪ್ಪು ಚರ್ಮದವರಲ್ಲಿ ಕೆಲವು ವೇಳೆ ಇರುವುದಕ್ಕಿಂತ ಹೆಚ್ಚು ತೋರಿಸುವುದು ೨೦೨೦ರಲ್ಲಿ ಅಮೆರಿಕದಲ್ಲಿ ಮತ್ತೆ ದೊಡ್ಡ ಚರ್ಚೆಗೆ ಬಂತು. ರಾಸಾಯನಿಕ ಕ್ರಿಯೆಯಿಂದ ಅಳೆಯುವ ವಿದ್ಯುದಗ್ರಕ್ಕೆ ಬಣ್ಣದ ಗೊಡವೆಯಿಲ್ಲ. ಹುಣ್ಣಿನ ಚಿತ್ರ ತೆಗೆದು ಆಮ್ಲಜನಕವನ್ನು ಬಣ್ಣಗಳಲ್ಲಿ ತೋರಿಸುವ ಹೊಸ ಕ್ಯಾಮೆರಾಗಳೂ ಬಂದಿವೆ. ಅವು ಬೇಗ ಕೆಲಸ ಮಾಡುತ್ತವೆ, ರೋಗಿಯನ್ನು ಮುಟ್ಟುವುದೂ ಇಲ್ಲ. ಆದರೆ ಅವೂ ಬೆಳಕನ್ನೇ ನಂಬಿದವು; ನಮ್ಮ ದೇಶದ ಚರ್ಮಗಳ ಮೇಲೆ ಅವನ್ನು ಒರೆಗೆ ಹಚ್ಚಿಯೇ ಒಪ್ಪಬೇಕು.

ಹಾಗೆಂದು ಎಲ್ಲ ಮಾಯದ ಗಾಯಗಳಿಗೂ ಆಮ್ಲಜನಕದ ಅಭಾವವೇ ಕಾರಣವೆನ್ನಲಾಗದು. ಕುಷ್ಠರೋಗಿಗಳ ಕಾಲಿನ ಹುಣ್ಣುಗಳು ಅವರ ಮಾಂಸವೇ ಕೆಟ್ಟಿರುವುದರಿಂದ ಮಾಯುವುದಿಲ್ಲವೆಂದು ಬಹುಕಾಲ ಜನ ನಂಬಿದ್ದರು. ೧೯೪೬ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಮಾಂಸದಲ್ಲಿ ದೋಷವಿಲ್ಲ, ನೋವು ತಿಳಿಯದ ಕಾಲನ್ನು ಅವರು ಊರುತ್ತಲೇ ಇರುವುದೇ ಕಾರಣ ಎಂದು ತೋರಿಸಿದರು; ಪ್ಲಾಸ್ಟರ್ ಹಾಕಿ ಭಾರ ತಪ್ಪಿಸಿದರೆ ಆ ಹುಣ್ಣುಗಳು ಮಾಯುತ್ತಿದ್ದವು. ಮಧುಮೇಹಿಯ ಕಾಲಿನಲ್ಲಿ ಈ ಎರಡು ಕೇಡುಗಳೂ ಕೂಡಿರಬಹುದು, ಒಂದೇ ಇರಬಹುದು. ಪಾದದ ಅಂಕಿ ೫೫ ಬಂದರೆ ವೈದ್ಯ ರಕ್ತನಾಳವನ್ನು ಬಿಟ್ಟು ಚಪ್ಪಲಿಯನ್ನು, ನಂಜನ್ನು, ಸಕ್ಕರೆಯ ಹತೋಟಿಯನ್ನು ವಿಚಾರಿಸಬೇಕು. ಚಪ್ಪಲಿಯಿಂದ ಹೋಗುವ ಹುಣ್ಣಿಗೆ ರಕ್ತನಾಳದ ಶಸ್ತ್ರಕ್ರಿಯೆ ಮಾಡುವುದು ಎಂಥ ಅನ್ಯಾಯ!

ಅಂಕಿ ಕಡಮೆ ಬಂದಾಗ ಮತ್ತೊಂದು ಉಪಾಯವುಂಟು. ರೋಗಿಗೆ ಮುಖವಾಡದ ಮೂಲಕ ಶುದ್ಧ ಆಮ್ಲಜನಕವನ್ನು ಕೆಲವು ನಿಮಿಷ ಉಸಿರಾಡಲು ಕೊಟ್ಟು, ಪಾದದ ಅಂಕಿ ಏರುವುದೇ ಎಂದು ನೋಡುತ್ತಾರೆ. ಏರಿದರೆ ದಾರಿ ಪೂರ್ತಿ ಮುಚ್ಚಿಲ್ಲ. ಏರದಿದ್ದರೆ ನಾಳವನ್ನೇ ತೆರೆಯಬೇಕು. ಅಧಿಕ ಒತ್ತಡದ ಕೋಣೆಯಲ್ಲಿ ಕೂರಿಸಿ ಆಮ್ಲಜನಕ ಕೊಡುವ ಚಿಕಿತ್ಸೆಗೂ ಇದೇ ಪೀಠಿಕೆ. ಸಾಮಾನ್ಯವಾಗಿ ನೂರು ಮಿಲಿಲೀಟರ್ ರಕ್ತದಲ್ಲಿ ಸುಮಾರು ೨೦ ಮಿಲಿಲೀಟರ್ ಆಮ್ಲಜನಕವಿದ್ದರೆ ಅದರಲ್ಲಿ ಕರಗಿದ್ದು ೦.೩ ಮಾತ್ರ, ಮೂರು ವಾಯುಭಾರದ ಕೋಣೆಯಲ್ಲಿ ಶುದ್ಧ ಆಮ್ಲಜನಕ ಉಸಿರಾಡಿದರೆ ಕರಗಿದ್ದೇ ೬ಕ್ಕೆ ಸಮೀಪಿಸುತ್ತದೆ. ಆಮ್‌ಸ್ಟರ್‌ಡ್ಯಾಮಿನ ಬೂರೆಮಾ ಎಂಬವರು ೧೯೬೦ರಲ್ಲಿ, ಕೆಂಪುಕಣಗಳನ್ನು ತೆಗೆದುಹಾಕಿದ ಹಂದಿಗಳನ್ನು ಇಂಥ ಕೋಣೆಯಲ್ಲಿ ಬದುಕಿಸಿ ತೋರಿಸಿದ್ದರು. ಆದರೆ ಹುಣ್ಣುಗಳ ವಿಷಯದಲ್ಲಿ ಈ ದುಬಾರಿ ಚಿಕಿತ್ಸೆಯ ಪ್ರಯೋಗಗಳು ಒಂದೇ ಮಾತನ್ನು ಹೇಳುತ್ತಿಲ್ಲ. ಅಳೆಯದೆ ಎಲ್ಲರನ್ನೂ ಅದರೊಳಗೆ ಕೂರಿಸುವುದು ಸರಿಯಲ್ಲವೆಂಬುದಂತೂ ನಿಶ್ಚಯ.

ಯಂತ್ರದ ದೋಷವನ್ನೂ ಹೇಳಬೇಕು. ಬೆಲೆ ಹೆಚ್ಚು, ಹಾಳೆ, ದ್ರಾವಣಗಳನ್ನು ಆಗಾಗ ಬದಲಿಸಬೇಕು, ಒಬ್ಬ ರೋಗಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಬಾಗಿಲ ಹೊರಗೆ ನೂರು ಜನ ಚೀಟಿ ಹಿಡಿದು ನಿಂತಿರುವ ಆಸ್ಪತ್ರೆಯಲ್ಲಿ ಮುಕ್ಕಾಲು ಗಂಟೆ ಎಲ್ಲಿಂದ ತರುವುದು? ಆದರೂ ಕಾಲೊಂದು ಉಳಿಯುವ ಪ್ರಶ್ನೆಯಿದ್ದಾಗ ಆ ಮುಕ್ಕಾಲು ಗಂಟೆಯನ್ನು ಹೇಗಾದರೂ ಹುಡುಕಬೇಕು ಎನ್ನುವವರ ಪಕ್ಷ ನಾನು.

ದೊಡ್ಡಪ್ಪನವ ರ ಅಂಕಿಗಳನ್ನು ಅಣ್ಣ ಆಸ್ಪತ್ರೆಯ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡಿದ್ದ: ಎದೆ ೫೮, ಮೊಣಕಾಲ ಕೆಳಗೆ ೪೬, ಪಾದದ ಮೇಲೆ ೧೭. ಮೊಣಕಾಲ ಕೆಳಗೆ ಕತ್ತರಿಸಿದರೆ ಆ ಗಾಯ ಮಾಯುವುದೆಂದು ನಡುವಿನ ಅಂಕಿ ಹೇಳುತ್ತಿತ್ತು. ಬೆರಳನ್ನಷ್ಟೇ ತೆಗೆದರೆ ಮಾಯುವುದು ಕಷ್ಟವೆಂದು ಕೊನೆಯದು ಹೇಳುತ್ತಿತ್ತು. ವೈದ್ಯರು ಎರಡನ್ನೂ ಮಾಡದೆ, ಮುಚ್ಚಿದ್ದ ಅಪಧಮನಿಯನ್ನು ಬಲೂನಿನಿಂದ ಹಿಗ್ಗಿಸಿದರು. ಮಾರನೆಯ ದಿನ ಅಳೆದಾಗ ಪಾದದ ಮೇಲೆ ೨೨, ಮನೆಯವರೆಲ್ಲ ಕಂಗೆಟ್ಟರು. ನಾಳ ತೆರೆದ ಮೇಲೆ ಚರ್ಮದ ಆಮ್ಲಜನಕ ಒಡನೆಯೇ ಏರುವುದಿಲ್ಲ, ಮೂರು ನಾಲ್ಕು ವಾರಗಳವರೆಗೆ ಮೆಲ್ಲಗೆ ಏರುತ್ತ ಹೋಗುತ್ತದೆ ಎಂಬುದನ್ನು ಇಟಲಿಯ ವೈದ್ಯರು ೨೦೦೫ರಲ್ಲಿ ತೋರಿಸಿದ್ದಾರೆ. ನಂಜು ಏರದಿದ್ದರೆ ಅಲ್ಲಿಯವರೆಗೆ ಕತ್ತರಿಸುವ ಕೆಲಸವನ್ನು ಮುಂದೂಡುವುದು ಲೇಸು. ಬಹಳ ದಿನ ಬತ್ತಿದ ನಾಲೆಗೆ ನೀರು ಬಿಟ್ಟರೆ ಮೊದಲು ನಾಲೆಯೇ ಕುಡಿಯುತ್ತದಲ್ಲವೆ ಎಂದು ದೊಡ್ಡಪ್ಪನವರೇ ಅದಕ್ಕೆ ವ್ಯಾಖ್ಯಾನ ಹೇಳಿದರು. ನಾಲ್ಕನೆಯ ವಾರ ಅಂಕಿ ೪೧ಕ್ಕೆ ಬಂತು. ಕಪ್ಪಾಗಿದ್ದ ಎರಡು ಬೆರಳುಗಳನ್ನು ಮಾತ್ರ ತೆಗೆದರು. ಆ ಗಾಯ ಕೂಡಿಕೊಳ್ಳಲು ಐದು ತಿಂಗಳು ಹಿಡಿಯಿತು. ಈಗ ಅವರು ಮೆತ್ತನೆಯ ಅಟ್ಟೆಯ ಚಪ್ಪಲಿ ಮೆಟ್ಟಿ ತೋಟದವರೆಗೆ ಹೋಗಿಬರುತ್ತಾರೆ; ರಾತ್ರಿ ಮಲಗುವ ಮುಂಚೆ ದೊಡ್ಡಮ್ಮ ಕನ್ನಡಿ ಹಿಡಿಯುತ್ತಾರೆ, ದೊಡ್ಡಪ್ಪ ಅಂಗಾಲು ನೋಡಿಕೊಳ್ಳುತ್ತಾರೆ.